ಮೆಲಿಯೆಸ್‌ನ ನಾಲ್ಕು ತಲೆ, ನಮ್ಮ ಭಾವನ ಒಂದೇ ತಲೆ

ಕೊನೆಗೂ ಆಯ್ತು. ಒಂದೇ ಫಿಲ್ಮನ್ನು ಹಿಂದಕ್ಕೆ ಸುತ್ತಿ ಸುತ್ತಿ ಅದರ ಮೇಲೆ ನಾಲ್ಕು ಸಲ ಶೂಟ್ ಮಾಡಿ, ನಮ್ಮ ಭಾವನ ತಲೆಯನ್ನು ಮೂರು ಸಲ ಕಿತ್ತು ಮೇಜಿನ ಮೇಲೆ ಇಟ್ಟಿದ್ದೇನೆ. ಕಂಪ್ಯೂಟರಲ್ಲಿ ಏನೂ ಸೇರಿಸಿಲ್ಲ. 'ಈ ಕಾಲದಲ್ಲಿ ಇದೆಂಥ ಹುಚ್ಚು' ಅಂದವರಿಗೆಲ್ಲ ಕಳಿಸಿದೆ, ಒಬ್ಬರೂ ಉತ್ತರ ಕೊಟ್ಟಿಲ್ಲ.

ಫ್ರಾನ್ಸಿನ ಜಾದೂಗಾರ, ಸಿನಿಮಾ ನಿರ್ದೇಶಕ ಜಾರ್ಜ್ ಮೆಲಿಯೆಸ್ 1898ರಲ್ಲೇ ಮಾಡಿದ ಚಮತ್ಕಾರ ಇದು. ಕರಿ ಪರದೆ, ಎರಡು ಮೇಜು, ಕೈಯಲ್ಲಿ ಬ್ಯಾಂಜೋ, ಎಲ್ಲ ತಲೆಯೂ ಅವನದೇ. ನನ್ನ ಹತ್ತಿರ ಇದ್ದದ್ದು ಹಳೇ 16 ಎಂಎಂ ಬೋಲೆಕ್ಸ್ ಫಿಲ್ಮ್ ಕ್ಯಾಮೆರಾ. ಅದನ್ನು ಓಡಿಸುವ ಸ್ಪ್ರಿಂಗ್ ಬಿಡಿಸಿ ಹಿಡಿಕೆಯನ್ನು ಕೈಯಲ್ಲೇ ತಿರುಗಿಸಿದೆ, ಒಂದು ಸುತ್ತಿನಲ್ಲಿ 8 ಫ್ರೇಮ್, ಸೆಕೆಂಡಿಗೆ ಎರಡು ಸುತ್ತು. ಆ ಕಾಲದ ಕ್ಯಾಮೆರಾದವರ ಲೆಕ್ಕವೂ ಹೆಚ್ಚುಕಡಿಮೆ ಇದೇ ಅಲ್ವಾ.

ದುಡ್ಡು ತಿಂದದ್ದು ಕಪ್ಪು ಬಣ್ಣ. ಕಪ್ಪಿದ್ದ ಕಡೆ ಫಿಲ್ಮಿಗೆ ಬೆಳಕು ಬೀಳಬಾರದು, ಆ ಖಾಲಿ ಜಾಗದಲ್ಲೇ ಮುಂದಿನ ಸಲ ಇನ್ನೊಂದು ತಲೆ ಕೂರಿಸೋದು. 100 ಅಡಿ ರೋಲು ತರಿಸಿ, ಲ್ಯಾಬಿನಲ್ಲಿ ತೊಳೆಸಿ (ಡೆವಲಪ್), ಸ್ಕ್ಯಾನ್ ಮಾಡಿಸುವಷ್ಟರಲ್ಲಿ 14-15 ಸಾವಿರ. ಮೊದಲಿನ ರೋಲುಗಳಿಗೆ ಕರಿ ಕಾಟನ್ ಬಟ್ಟೆ ಕಟ್ಟಿದ್ದೆ. ಕಣ್ಣಿಗೆ ಕಪ್ಪೇ. ಆದರೆ ಅದರ ಮೇಲೆ ಬಿದ್ದ ಚೂರು ಬೆಳಕು ನಾಲ್ಕು ಸಲ ಸೇರಿ, ಹಿಂದೆಲ್ಲ ಬೂದಿ ಬಳಿದ ಹಾಗೆ ಬಂತು. ಆಮೇಲೆ ಚಿಕ್ಕಪೇಟೆಯಿಂದ ಮಖಮಲ್ ತಂದೆ, ಅದಕ್ಕೆ ಇನ್ನೊಂದು 5 ಸಾವಿರ. ಪರದೆಯಿಂದ ಎಂಟು ಅಡಿ ಮುಂದೆ ಭಾವನನ್ನು ನಿಲ್ಲಿಸಿ ಪಕ್ಕದಿಂದ ಲೈಟ್ ಹಾಕಿದೆ. ಮಖಮಲ್ ಯಾವ ದಿಕ್ಕಿಗೆ ಕಟ್ಟಬೇಕು ಅನ್ನೋದನ್ನು ಹೇಳುವುದಿಲ್ಲ, ಕೈಯಿಂದ ಸವರಿ ನೋಡಿ, ಗೊತ್ತಾಗುತ್ತದೆ.

ಕ್ಯಾಮೆರಾ ನಿಲ್ಲಿಸಿ, ತಲೆಗೆ ಕರಿ ಮುಸುಕು ಹಾಕಿ, ಮತ್ತೆ ಶುರು ಮಾಡಿದರೆ ಮುಗೀತು ಅಂತ ಎಲ್ಲರೂ ಹೇಳುತ್ತಾರೆ. ಮುಗಿಯಲ್ಲ. ನಿಲ್ಲುವಾಗ ಹಿಡಿಕೆ ನಿಧಾನವಾಗಿ ಒಂದೆರಡು ಫ್ರೇಮಿಗೆ ಬೆಳಕು ಜಾಸ್ತಿ ಬೀಳುತ್ತದೆ, ಬೆಳ್ಳಗೆ ಮಿಂಚಿ ಗುಟ್ಟು ರಟ್ಟಾಗುತ್ತದೆ. ಮೆಲಿಯೆಸ್ ಆ ಫ್ರೇಮುಗಳನ್ನು ಕತ್ತರಿಸಿ ಅಂಟಿಸುತ್ತಿದ್ದ, ಉಳಿದಿರುವ ಅವನ ಪ್ರಿಂಟುಗಳಲ್ಲಿ ಆ ಗುರುತು ಕಾಣುತ್ತದೆ. ನಾನೂ ಕತ್ತರಿಸಿದೆ. ಆದರೆ ಕತ್ತರಿಸುವ ಜಾಗದಲ್ಲಿ ಆಗಲೇ ಮೇಜಿನ ಮೇಲಿರುವ ತಲೆಗಳು ಅಲುಗಾಡಬಾರದು, ಅಲುಗಿದರೆ ಅವೂ ತಟ್ಟನೆ ಜಿಗಿದ ಹಾಗೆ ಕಾಣುತ್ತವೆ. ಹಾಗಾಗಿ ಟಿಕ್ ಟಿಕ್ ಅಂತ ತಾಳ ಹಾಕುವ ಮೆಟ್ರೊನೋಮ್ ಇಟ್ಟು, ಎಷ್ಟನೇ ಎಣಿಕೆಗೆ ನಗಬೇಕು, ಎಷ್ಟಕ್ಕೆ ಸುಮ್ಮನಾಗಬೇಕು ಅಂತ ಬಾಯಿಪಾಠ ಮಾಡಿಸಿದೆ. 'ಏನಯ್ಯಾ, ನನ್ನ ತಲೆ ಇನ್ನೆಷ್ಟು ಸಲ ತೆಗೀತೀಯ' ಅಂತ ಭಾವ ಗೊಣಗಿದರೂ ಕತ್ತಿನವರೆಗೆ ಮಖಮಲ್ ಹೊದ್ದು ಬೆವರುತ್ತಾ ನಿಂತರು. ಒಂದು ರೋಲಿನಲ್ಲಿ ಅವರ ಕೈ ತಲೆಯ ಜಾಗದಲ್ಲಿ ಹಾದು ಹೋಗಿ, ಕೈಯೊಳಗಿಂದ ಮೂಗು ಕಾಣಿಸಿತು. ಅದೂ ಹೋಯ್ತು.

ನಡುವೆ ಇನ್ನೊಂದು ಆಟ. 'ರಾಜಾ ಹರಿಶ್ಚಂದ್ರ' ಮಾಡಿದ ದಾದಾಸಾಹೇಬ್ ಫಾಲ್ಕೆ ಅವರು 1912ರಲ್ಲಿ ಬಟಾಣಿ ಗಿಡ ಬೆಳೆಯುವುದನ್ನು ಒಂದೊಂದೇ ಫ್ರೇಮ್ ತೆಗೆದು ತೋರಿಸಿ, ಆ ಸಿನಿಮಾಕ್ಕೆ ಹಣ ಹೊಂದಿಸಿಕೊಂಡವರು. ನಾನು ಹೆಸರುಕಾಳು ಇಟ್ಟೆ, ಬೇಗ ಮೊಳೆಯುತ್ತೆ ಅಂತ. ಕಿಟಕಿ ಬೆಳಕಿನಲ್ಲಿ ತೆಗೆದಾಗ ಚಿತ್ರವೆಲ್ಲ ಮಿಣುಕಿತು. ಕಿಟಕಿ ಮುಚ್ಚಿ ಒಂದೇ ಬಲ್ಬಿನಲ್ಲಿ ತೆಗೆದದ್ದು ಚೆನ್ನಾಗಿ ಬಂತು. ನನಗೆ ಮಾತ್ರ ಯಾರೂ ಹಣ ಕೊಟ್ಟಿಲ್ಲ.

ಒಟ್ಟು ಖರ್ಚು 70 ಸಾವಿರ ದಾಟಿರಬೇಕು, ಮನೆಯಲ್ಲಿ 40 ಅಂತ ಹೇಳಿದ್ದೇನೆ. ಯಾರಾದರೂ ಮಾಡುವುದಿದ್ದರೆ ಮಖಮಲ್ ಬಾಡಿಗೆಗೆ ಕೊಡುತ್ತೇನೆ, ಇಸ್ತ್ರಿ ಖರ್ಚು ನಿಮ್ಮದೇ.