ಮದ್ದು ಕೂಡಿಸುವಾಗ ಕತ್ತಿ ಯಾಕೆ?

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಮದ್ದು ಬಿಡಲು ಶುರು ಮಾಡಿ ಇಪ್ಪತ್ತು ವರ್ಷ ದಾಟಿತು. ಮರ ಹತ್ತುವುದು ಬೇಗ ಬಂತು. ಮದ್ದು ಕೂಡಿಸುವುದು ಕಲಿಯಲಿಕ್ಕೆ ಮಾತ್ರ ಒಬ್ಬರ ತೋಟದ ಕಾಯಿ ಸುಡಬೇಕಾಯ್ತು.

ಲೆಕ್ಕ ಎಲ್ಲರಿಗೂ ಗೊತ್ತು. ಈ ಮದ್ದಿನ ಹೆಸರು ಬೋರ್ಡೋ; 100 ಲೀಟರಿಗೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ. 50 ಲೀಟರ್ ನೀರಲ್ಲಿ ತುತ್ತು, ಇನ್ನು 50ರಲ್ಲಿ ಸುಣ್ಣ. ಆಮೇಲೆ ಸುಣ್ಣದ ನೀರಿಗೆ ತುತ್ತಿನ ನೀರು ಹೊಯ್ಯುತ್ತಾ ಕದಡುವುದು. ಆ ವರ್ಷ ಸುಣ್ಣ ಹಳೆಯದು, ಗಾಳಿ ತಾಗಿ ಹುಡಿಯಾಗಿತ್ತು. ತೂಕ ಸರಿ ಇದೆಯಲ್ಲ ಅಂತ ಸುಮ್ನಾದೆ. ಸ್ವಲ್ಪ ದಿನದಲ್ಲೇ ಎಳೆ ಕಾಯಿಗಳ ಮೇಲೆ ಸುಟ್ಟ ಕಲೆ. ಧನಿಗಳು ಬೈಯಲಿಲ್ಲ. "ಕತ್ತಿ ಅದ್ದಿ ನೋಡಿದ್ಯಾ ಮಾರಾಯ?" ಎಂದಷ್ಟೇ ಕೇಳಿದರು.

ಅಂದಿನಿಂದ ಪೀಶಕತ್ತಿ ಸೊಂಟದಲ್ಲೇ ಇದೆ. ಅಲಗನ್ನು ಹೊಯಿಗೆಯಲ್ಲಿ (ಮರಳಲ್ಲಿ) ತಿಕ್ಕಿ ಹೊಳಪು ಬರಿಸುತ್ತೇನೆ. ಮದ್ದಿನಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತೇನೆ. ಕೆಂಪು ಲೇಪ ಹಿಡಿದರೆ ಸುಣ್ಣ ಸಾಲದು. ಹಾಲಿನಂಥ ಸುಣ್ಣದ ನೀರು ಇನ್ನಷ್ಟು ಸೇರಿಸಿ, ಅಲಗು ಬೆಳ್ಳಗೇ ಬರುವವರೆಗೆ ನೋಡುವುದು. ಸ್ಟೀಲ್ ಚಾಕು ಆಗುವುದಿಲ್ಲ, ಕಬ್ಬಿಣದ್ದೇ ಬೇಕು. ಮದ್ದಿಗೆ ಕಬ್ಬಿಣದ ಬಾಲ್ದಿ ಆಗದು ಎನ್ನುವುದೂ ಇದೇ ಕಾರಣಕ್ಕೆ, ತಾಮ್ರ ಅದಕ್ಕೇ ಹೋಗಿ ಹಿಡಿಯುತ್ತದೆ.

ಇನ್ನೊಂದು ಉಪಾಯ ಮಾವನದ್ದು. ತುತ್ತನ್ನು ಡ್ರಮ್ಮಿನ ತಳಕ್ಕೆ ಹಾಕಿ ಕೋಲಿನಲ್ಲಿ ಕದಡುತ್ತಾ ಕೂತರೆ ಕೈ ಸೋಲುತ್ತದೆ, ತುತ್ತು ಕರಗುವುದಿಲ್ಲ. ಹಿಂದಿನ ರಾತ್ರಿ ಗೋಣಿ ತುಂಡಲ್ಲಿ ಕಟ್ಟಿ, ನೀರಿನ ಮೇಲ್ಭಾಗದಲ್ಲಿ ಮುಳುಗುವ ಹಾಗೆ ನೇತು ಹಾಕಬೇಕು. ಕರಗಿದ ನೀರು ಭಾರವಾಗಿ ತಾನೇ ಕೆಳಗಿಳಿಯುತ್ತದೆ. ಬೆಳಿಗ್ಗೆ ನೋಡಿದರೆ ಗೋಣಿ ಖಾಲಿ. ಸುಣ್ಣವನ್ನು ಹಳೇ ಬೈರಾಸಲ್ಲಿ (ಟವೆಲ್ಲಲ್ಲಿ) ಸೋಸಿದರೆ ಪಂಪಿನ ಬಾಯಿ ಕಟ್ಟುವ ರಗಳೆಯೂ ಇಲ್ಲ. ಕೂಡಿಸಿದ್ದನ್ನು ಅಂದೇ ಮುಗಿಸುತ್ತೇನೆ.

ಮೊದಲ ಮದ್ದು ಮಳೆ ಹಿಡಿಯುವ ಮೊದಲು. ಎರಡನೆಯದು 40-45 ದಿನ ಬಿಟ್ಟು, ಅಂದರೆ ಸುಮಾರಿಗೆ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲೇ. ಕಷ್ಟ ಇರುವುದು ಅಲ್ಲಿ. ಗೊನೆಯಿಂದ ನೀರು ತೊಟ್ಟಿಕ್ಕುತ್ತಿದ್ದರೆ ನಾನು ಮರ ಮುಟ್ಟುವುದಿಲ್ಲ, ಆ ದಿನದ ಸಂಬಳ ಹೋದರೂ ಸರಿ.

ಈಗ ಹುಡುಗರು ಕಾರ್ಬನ್ ಫೈಬರ್ ದೋಟಿ (ಉದ್ದದ ಕೋಲು) ಹಿಡಿದು ನೆಲದಲ್ಲೇ ನಿಂತು ಮದ್ದು ಬಿಡುತ್ತಾರೆ. ನನಗೂ ಮೊಣಕಾಲು ನೋವು ಜಾಸ್ತಿ, ಬೇಡ ಎನ್ನುವುದಿಲ್ಲ. ಆದರೆ ಕೆಳಗಿನಿಂದ ಗೊನೆಯ ಹಿಂಬದಿ ಕಾಣುವುದಿಲ್ಲ ಅಲ್ವಾ? ಅದಕ್ಕೆ ಮರಕ್ಕೆ ಒಂದು ಸುತ್ತು ಬರುತ್ತೇನೆ. ಬುಡದ ಸೋಗೆಗಳ ಮೇಲೆ ಎಲ್ಲಾ ಕಡೆ ನೀಲಿ ಹನಿ ಬಿದ್ದಿದ್ದರೆ ಮುಂದಿನ ಮರ.