ಒಂದೇ ಕಾರು, ಇಬ್ಬರು ಚಾಲಕರು: ಆಟೋಕ್ರಾಸ್‌ನಲ್ಲಿ ನಾವು ಅನುಸರಿಸುವ ಕ್ರಮ

ಆಟೋಕ್ರಾಸ್ ಎಂದರೆ ಕೋನ್‌ಗಳಿಟ್ಟು ಗುರುತಿಸಿದ ದಾರಿಯಲ್ಲಿ ಕಾರುಗಳನ್ನು ಒಂದರ ಹಿಂದೊಂದು ಬಿಟ್ಟು ಸಮಯ ಹಿಡಿಯುವ ಸ್ಪರ್ಧೆ, ಅಂಥ ಒಂದು ಓಟವೇ ರನ್. ಒಂದೇ ಕಾರಿನಲ್ಲಿ ಇಬ್ಬರು ಅದನ್ನು ಓಡಿಸಲು ಹೊರಟರೆ ಮೊದಲು ತಲೆಗೆ ಬರುವುದು ಸೀಟಿನ ಚಿಂತೆ. ಅದು ಒಂದು ತುಂಡು ಟೇಪಿನಲ್ಲಿ ಮುಗಿಯುವ ಕೆಲಸ. ಲೆಕ್ಕ ತಪ್ಪುವುದು ಕಾರಿಗೆ ಸಿಗುವ ಬಿಡುವಿನಲ್ಲಿ. ಒಂದು ಹೀಟ್‌ನ (ಒಟ್ಟಿಗೆ ಓಡುವ ಕಾರುಗಳ ತಂಡದ) ಪ್ರತಿ ಸುತ್ತಿನಲ್ಲಿ 20 ರನ್ ಇವೆ, ಅರ್ಧ ನಿಮಿಷಕ್ಕೊಂದು ಕಾರು ಬಿಡುತ್ತಾರೆ, ಒಂದು ರನ್ನಿಗೆ ಒಂದು ನಿಮಿಷ ಎಂದಿಟ್ಟುಕೊಳ್ಳಿ. ಒಬ್ಬರೇ ಓಡಿಸುವ ಕಾರು ರನ್ ಮುಗಿಸಿ ಬಂದ ಮೇಲೆ ಸುಮಾರು 9 ನಿಮಿಷ ನಿಲ್ಲುತ್ತದೆ. ಇಬ್ಬರದಾದರೆ 4 ನಿಮಿಷ. ಆ ನಾಲ್ಕರಲ್ಲೇ ಚಾಲಕ ಬದಲಾಗಬೇಕು, ನಂಬರ್ ಬದಲಾಗಬೇಕು, ಗಾಳಿ ನೋಡಬೇಕು, ಟೈರ್ ತಣಿಯಬೇಕು. ನಮ್ಮ ಕ್ರಮವೆಲ್ಲ ಈ 4 ನಿಮಿಷದ ಸುತ್ತ ಕಟ್ಟಿದ್ದು.

ಟೈರಿನಿಂದ ಶುರು ಮಾಡುತ್ತೇನೆ, ಏಕೆಂದರೆ ಸಮಯ ಹೋಗುವುದೂ ಬರುವುದೂ ಅಲ್ಲಿಯೇ. ಹಲವು ರಸ್ತೆ-ಟೈರ್ ವರ್ಗಗಳಲ್ಲಿ ಬಳಸುವ 200 ಟ್ರೆಡ್‌ವೇರ್‌ನ (ಸವೆತದ ಅಂಕ, ಕಡಿಮೆಯಿದ್ದಷ್ಟೂ ಬೇಗ ಸವೆಯುತ್ತದೆ) ಟೈರುಗಳು ತಣ್ಣಗಿದ್ದಾಗ ಪೂರ್ತಿ ಹಿಡಿತ ಕೊಡುವುದಿಲ್ಲ, ಮಿತಿ ಮೀರಿ ಕಾದರೂ ಕೊಡುವುದಿಲ್ಲ. ಒಬ್ಬ ಚಾಲಕನ ಕಾರಿನಲ್ಲಿ ಪ್ರತಿ ರನ್ ಅರೆ ತಣ್ಣಗಿನ ಟೈರಿನಿಂದ ಶುರುವಾಗುತ್ತದೆ. ಇಬ್ಬರ ಕಾರಿನಲ್ಲಿ ಶಾಖ ಒಂದರ ಮೇಲೊಂದು ಕೂಡುತ್ತಾ ಹೋಗುತ್ತದೆ: ಮೊದಲ ರನ್ ತಣ್ಣಗೆ, ಎರಡನೆಯದು ಮತ್ತು ಮೂರನೆಯದು ಹದವಾಗಿ, ನಾಲ್ಕನೆಯದರಿಂದ ಮುಂದಕ್ಕೆ ಟೈರ್ ಎಣ್ಣೆ ಸವರಿದ ಹಾಗೆ. ಸ್ಟೇರಿಂಗ್ ಹಗುರಾಗುತ್ತದೆ, ಸ್ಲಾಲಮ್‌ನ (ಸಾಲು ಕೋನ್‌ಗಳ ನಡುವೆ ಹಾವಿನಂತೆ ಸಾಗುವ ಭಾಗದ) ಕೊನೆಯ ಕೋನ್‌ಗಳಲ್ಲಿ ಕಾರಿನ ಮೂತಿ ಅಗಲಕ್ಕೆ ಸರಿಯುತ್ತದೆ, ಬ್ರೇಕ್ ಒತ್ತಿದರೆ ಎಬಿಎಸ್ ಬೇಗ ಎದ್ದು ಬರುತ್ತದೆ. ಓಡಿಸುವವರಿಗೆ ಮಾತ್ರ ತಮ್ಮ ಕೈಯೇ ಕೆಟ್ಟಿತೆಂದು ಅನ್ನಿಸುತ್ತದೆ. ಇನ್ನೂ ಜೋರಾಗಿ ತಿರುಗಿಸುತ್ತಾರೆ, ಟೈರ್ ಇನ್ನೂ ಕಾಯುತ್ತದೆ.

ಟೈರಿನ ಶಾಖ ಅಳೆಯಲು ಸೂಜಿ ಚುಚ್ಚುವ ಪೈರೋಮೀಟರ್ ಇದ್ದರೆ ಒಳ್ಳೆಯದು. ಇನ್‌ಫ್ರಾರೆಡ್ ಗನ್ ಮೇಲ್ಮೈಯನ್ನಷ್ಟೇ ಓದುತ್ತದೆ, ಮೇಲ್ಮೈಯೋ ಕಾರು ನಿಂತ ಕ್ಷಣದಿಂದಲೇ ಆರತೊಡಗುತ್ತದೆ. ಆದರೂ ಗನ್ ಸಾಕು, ಪ್ರತಿ ಸಲ ನಿಂತ ಇಷ್ಟೇ ಹೊತ್ತಿಗೆ, ಟ್ರೆಡ್ಡಿನ ಇದೇ ಜಾಗದಲ್ಲಿ ಹಿಡಿಯುವ ಶಿಸ್ತಿದ್ದರೆ. ನಾವು ಹೊರಡುವ ಮುನ್ನ ಮೇಲ್ಮೈ 40 ರಿಂದ 50 ಡಿಗ್ರಿ ಸೆಲ್ಸಿಯಸ್ ಇರಲಿ ಎಂದು ನೋಡುತ್ತೇವೆ. ಯಂತ್ರವಿಲ್ಲದಿದ್ದರೆ ಅಂಗೈ ಇದೆ. ಟ್ರೆಡ್ ಮೇಲೆ ಅಂಗೈ ಇಟ್ಟು ಹಾಯಾಗಿ ಬಿಡಬಹುದಾದರೆ ಓಡಿಸಬಹುದು. ಕೈ ತಾನೇ ಹಿಂದೆ ಬಂದರೆ ನೀರು ಬೇಕು.

ನೀರಿಗೆ ತೋಟದಲ್ಲಿ ಔಷಧಿ ಹೊಡೆಯುವ 5 ಲೀಟರಿನ ಕೈಪಂಪು ಸಾಕು. ಹೊಸತನ್ನೇ ಕೊಳ್ಳಿ, ಔಷಧಿ ತುಂಬಿದ್ದು ಬೇಡ. ನಳಿಕೆಯನ್ನು ಸಣ್ಣ ಹನಿಗೆ ತಿರುಗಿಸಿ. ಶಾಖವನ್ನು ಒಯ್ಯುವುದು ಆವಿಯಾಗುವ ನೀರು. ಹರಿದು ನೆಲಕ್ಕಿಳಿದದ್ದು ಹೆಚ್ಚೇನೂ ಮಾಡುವುದಿಲ್ಲ, ಮೇಲಾಗಿ ಟೈರಿನ ಕೆಳಗೆ ಕೊಚ್ಚೆಯಾಗುತ್ತದೆ. ತೆಳುವಾಗಿ ಹೊಡೆದು, ಅದು ಆರಿದ ಮೇಲೆ ಮತ್ತೆ ತೆಳುವಾಗಿ ಹೊಡೆಯುವುದು ಕ್ರಮ. ನಿಂತ ಕಾರಿನಲ್ಲಿ ಟೈರಿನ ಕೆಳಭಾಗ ನೆಲಕ್ಕೆ ಒತ್ತಿರುತ್ತದೆ, ಹಿಂಭಾಗಕ್ಕೆ ನಳಿಕೆ ತಲುಪದು. ಹಾಗಾಗಿ ಒಂದು ಸಲ ಹೊಡೆದು, ಕಾರನ್ನು ಸುಮಾರು ಒಂದು ಮೀಟರ್ ಮುಂದಕ್ಕೆ ತಳ್ಳಿ, ಮತ್ತೆ ಹೊಡೆಯಬೇಕು. ಸಾಮಾನ್ಯ ಅಳತೆಯ ಟೈರಿಗೆ ಅಷ್ಟು ದೂರವೆಂದರೆ ಅರ್ಧ ಸುತ್ತು. ಇದನ್ನು ಬಿಟ್ಟರೆ ಟೈರಿನ ಒಂದು ಪಾಲು ಬಿಸಿ, ಒಂದು ಪಾಲು ತಣ್ಣಗೆ ಉಳಿಯುತ್ತದೆ. ಬ್ರೇಕ್ ಡಿಸ್ಕ್‌ಗೆ ನೀರು ತಾಗಿಸಬೇಡಿ. ಒಂದು ಸರದಿಗೆ ಒಂದು ಲೀಟರಿನ ಆಸುಪಾಸು ಹೋಗುತ್ತದೆ, ಇಬ್ಬರಿಗೂ ಐದೈದು ರನ್ ಇದ್ದರೆ 10 ಲೀಟರ್ ಕೈಯಲ್ಲಿರಲಿ. ಹೊರಡುವ ಹೊತ್ತಿಗೆ ಟ್ರೆಡ್ ಒಣಗಿರಬೇಕು. ಒದ್ದೆ ಟೈರಿನಲ್ಲಿ ಸ್ಟಾರ್ಟ್ ಗೆರೆಗೆ ಹೋದರೆ ಚಕ್ರ ಸುಮ್ಮನೆ ತಿರುಗುತ್ತದೆ, ಹಿಂದೆ ಬರುವವರ ಸ್ಟಾರ್ಟ್ ಜಾಗವೂ ಒದ್ದೆಯಾಗುತ್ತದೆ.

ನಾಲ್ಕಕ್ಕೂ ಸಮನಾಗಿ ಹೊಡೆಯಬೇಕಾಗಿಲ್ಲ. ಮುಂಚಕ್ರ ಎಳೆಯುವ ಕಾರಿನಲ್ಲಿ ಮುಂದಿನ ಎರಡಕ್ಕೆ ಮಾತ್ರ ನೀರು, ಹಿಂದಿನವು ಬಿಸಿಯಾದರೇ ಪುಣ್ಯ. ಇಂಥ ಕಾರಿನ ಮೊದಲ ರನ್‌ನಲ್ಲಿ ತಣ್ಣಗಿನ ಹಿಂಚಕ್ರ ಬಾಲ ಬೀಸುತ್ತದೆ, ಮೊದಲು ಹೋಗುವವರು ಅದನ್ನು ನಿರೀಕ್ಷಿಸಿಯೇ ಹೋಗಬೇಕು. ಹಿಂಚಕ್ರದ ಕಾರಿನಲ್ಲಿ ಹಿಂದಿನವನ್ನೂ ನೋಡಬೇಕು. ಕೋರ್ಸ್‌ನಲ್ಲಿ ಬಲ ತಿರುವುಗಳೇ ಹೆಚ್ಚಿದ್ದರೆ ಎಡ ಮುಂಚಕ್ರ ಉಳಿದೆಲ್ಲಕ್ಕಿಂತ ಬಿಸಿ. ನಾಲ್ಕನ್ನೂ ಮುಟ್ಟಿ ನೋಡಿದ ಮೇಲೆ ಪಂಪ್ ಹಿಡಿಯಿರಿ. ಚಳಿಯ ದಿನ ಎಲ್ಲವೂ ತಿರುಗುಮುರುಗು: ಪಂಪ್ ಡಿಕ್ಕಿಯಲ್ಲೇ ಇರಲಿ, ಕಾರು ಬಂದ ಕೂಡಲೇ ಟೈರಿಗೆ ದಪ್ಪ ಕಂಬಳಿ ಹೊದಿಸಿ, ಚಾಲಕರ ಬದಲಾವಣೆ ಆದಷ್ಟು ಚುರುಕಾಗಿರಲಿ. ಬಿಡುವು ಕಡಿಮೆಯಾದಷ್ಟೂ ಅಂದು ಲಾಭವೇ. ವಿದ್ಯುತ್ತಿನ ಟೈರ್ ಹೀಟರ್ ಬಳಸುವ ಯೋಚನೆಯಿದ್ದರೆ ಮೊದಲು ನಿಯಮ ಪುಸ್ತಕ ನೋಡಿ.

ಶಾಖದ ಬೆನ್ನಿಗೇ ಗಾಳಿ ಒತ್ತಡ. ಟೈರಿನೊಳಗಿನ ಗಾಳಿ ಸುಮಾರು 6 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಒತ್ತಡ 1 ಪಿಎಸ್‌ಐ ಏರುತ್ತದೆ. ಒಬ್ಬರೇ ಓಡಿಸುವಾಗ ಸರಿಯಾದ ತಣ್ಣಗಿನ ಒತ್ತಡದಿಂದಲೇ ಇಬ್ಬರೂ ಶುರು ಮಾಡಿದರೆ ಮೂರನೇ ರನ್ ಹೊತ್ತಿಗೆ 3-4 ಪಿಎಸ್‌ಐ ಮೇಲಿರುತ್ತೀರಿ. ನಾವು 1 ರಿಂದ 2 ಪಿಎಸ್‌ಐ ಕಡಿಮೆಯಿಂದ ಶುರು ಮಾಡಿ, ಪ್ರತಿ ಸಲ ಚಾಲಕ ಇಳಿದಾಗಲೂ ಬಿಸಿ ಒತ್ತಡವನ್ನು ಗುರಿಗೆ ತರುತ್ತೇವೆ. ಗಾಳಿ ಬಿಡುವವರು ಒಬ್ಬರೇ ಆಗಿರಲಿ, ಗೇಜ್ ಕೂಡ ಒಂದೇ. ಎರಡು ಗೇಜ್ ಎರಡು ಸುಳ್ಳು ಹೇಳುತ್ತವೆ. ಬಹಳ ಕಡಿಮೆ ಇಳಿಸಿದರೆ ಟೈರಿನ ಪಕ್ಕೆ ಮಡಚಿ ಅಂಚು ಸವೆಯುತ್ತದೆ. ಭುಜದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಕಳಿಸಿ. ಗೆರೆ ಟೈರ್ ಪಕ್ಕೆಯಲ್ಲಿ ಅಚ್ಚಾದ ತ್ರಿಕೋನ ಗುರುತನ್ನು ದಾಟಿ ಅಳಿಸಿದ್ದರೆ ಗಾಳಿ ಸಾಲದು.

ಯಾರು ಮೊದಲು ಹೋಗಬೇಕು ಎಂಬುದಕ್ಕೆ ಉತ್ತರವೂ ಇದರಲ್ಲೇ ಸಿಗುತ್ತದೆ. ಚಳಿ ಇದ್ದರೆ ಎರಡನೆಯವರಿಗೆ ಅನುಕೂಲ: ಬೆಚ್ಚಗಿನ ಟೈರ್, ಮೊದಲಿನವರು ತಂದ ಸುದ್ದಿ. ಬಿಸಿಲಿನಲ್ಲಿ ಕೊನೆಕೊನೆಯ ರನ್‌ಗಳು ಮೊದಲಿನವರ ಪಾಲಿಗೆ ಉತ್ತಮ, ಏಕೆಂದರೆ ಪ್ರತಿ ಸುತ್ತಿನಲ್ಲೂ ಅವರ ಮುಂದೆ ಒಂದು ರನ್ನಿನ ಶಾಖ ಕಡಿಮೆ ಇರುತ್ತದೆ. ಒಂದೇ ವರ್ಗದಲ್ಲಿ ಅಂಕಕ್ಕೆ ಪೈಪೋಟಿ ಇದ್ದರೆ ಸ್ಪರ್ಧೆಯಿಂದ ಸ್ಪರ್ಧೆಗೆ ಸರದಿ ಬದಲಿಸಿ. ರನ್‌ನಿಂದ ರನ್‌ಗೆ ಬದಲಿಸಿದರೆ ಗ್ರಿಡ್‌ನವರಿಗೂ (ಕಾರುಗಳು ಸರದಿಗೆ ಕಾಯುವ ಜಾಗ ನೋಡಿಕೊಳ್ಳುವವರಿಗೂ) ಟೈಮಿಂಗ್‌ನವರಿಗೂ ಗೊಂದಲ, ಜತೆಗೆ ಒಬ್ಬರೇ ಬೆನ್ನುಬೆನ್ನಿಗೆ ಎರಡು ರನ್ ಓಡಬೇಕಾಗುತ್ತದೆ. ಪೈಪೋಟಿ ಇಲ್ಲದಿದ್ದರೆ ಹೆಚ್ಚು ಪಳಗಿದವರು ಮೊದಲು ಹೋಗಲಿ. ತಣ್ಣಗಿನ ಟೈರನ್ನು ನಂಬದೆ ಓಡಿಸಲು ಅವರಿಗೆ ಬರುತ್ತದೆ.

ಇನ್ನು ಬದಲಾವಣೆ. ಎರಡನೆಯವರು ಹೆಲ್ಮೆಟ್ ಕಟ್ಟಿಕೊಂಡು, ಗ್ಲವ್ಸ್ ಹಾಕಿಕೊಂಡು ಗ್ರಿಡ್ ಜಾಗದಲ್ಲಿ ಬಾಗಿಲ ಪಕ್ಕ ನಿಂತಿರಬೇಕು. ಕಾರು ಬಂದ ಮೇಲೆ ಹೆಲ್ಮೆಟ್ ಹುಡುಕುವುದಲ್ಲ. ಇಳಿಯುವವರು ಎಂಜಿನ್ ಆರಿಸಿ, ಗೇರಿನಲ್ಲಿ ಬಿಟ್ಟು, ಬೆಲ್ಟ್ ಬಿಚ್ಚಿ, ಬಾನೆಟ್ ಲಿವರ್ ಎಳೆದು ಇಳಿಯುತ್ತಾರೆ. ಬಿಸಿ ಬ್ರೇಕಿನ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯುವುದಿಲ್ಲ, ಚಕ್ರಕ್ಕೆ ಅಡ್ಡಕಟ್ಟೆ ಇಡುತ್ತೇವೆ. ಟೈರಿಗೆಂದು ಕಾರು ತಳ್ಳುವಾಗ ಹತ್ತಿದವರು ನ್ಯೂಟ್ರಲ್ ಮಾಡಿ ಬ್ರೇಕ್ ಮೇಲೆ ಕಾಲಿಟ್ಟಿರಬೇಕು. ಇಳಿದವರ ಕೆಲಸ ಕ್ರಮವಾಗಿ ನಂಬರ್, ಶಾಖ, ಗಾಳಿ, ನೀರು. ಹತ್ತಿದವರ ಕೆಲಸ ಸೀಟು, ಸ್ಟೇರಿಂಗ್, ಬೆಲ್ಟ್. ಒಬ್ಬರು ಇನ್ನೊಬ್ಬರ ಕೆಲಸಕ್ಕೆ ಕೈ ಹಾಕಿದ ಕಡೆ ಏನಾದರೊಂದು ಬಿಟ್ಟುಹೋಗುತ್ತದೆ.

ಹೆಚ್ಚು ಬಿಟ್ಟುಹೋಗುವುದು ಸ್ಟೆಬಿಲಿಟಿ ಕಂಟ್ರೋಲ್ (ಕಾರು ಜಾರಿದಾಗ ತಾನೇ ಬ್ರೇಕ್ ಹಾಕುವ ವ್ಯವಸ್ಥೆ) ಆಫ್ ಮಾಡುವುದು. ಎಂಜಿನ್ ಆರಿಸಿ ಮತ್ತೆ ಹಚ್ಚಿದರೆ ಬಹುಪಾಲು ಕಾರುಗಳಲ್ಲಿ ಅದು ತಾನಾಗಿಯೇ ಆನ್ ಆಗುತ್ತದೆ, ಡ್ರೈವ್ ಮೋಡ್ ಕೂಡ ಸಾಮಾನ್ಯಕ್ಕೆ ಮರಳುತ್ತದೆ. ಮೊದಲ ತಿರುವಿನಲ್ಲಿ ಕಾರು ತಾನೇ ಬ್ರೇಕ್ ಹಾಕಿದಾಗ ಗೊತ್ತಾಗುತ್ತದೆ, ಅಷ್ಟರಲ್ಲಿ ಆ ರನ್ ಹೋಯಿತು. ಡ್ಯಾಶ್ ಮೇಲೆ ಚೀಟಿ ಅಂಟಿಸಿ: ಸ್ಟೆಬಿಲಿಟಿ, ಮೋಡ್, ಎಸಿ, ಕಿಟಕಿ, ಬೆಲ್ಟ್. ಸ್ಟಾರ್ಟ್ ಸಾಲಿನಲ್ಲಿ ಗಟ್ಟಿಯಾಗಿ ಓದಿಕೊಳ್ಳಿ.

ನಂಬರ್ ವಿಷಯದಲ್ಲಿ ಸುಲಭದ ದಾರಿಯೆಂದರೆ ಒಬ್ಬರಿಗೆ 42, ಇನ್ನೊಬ್ಬರಿಗೆ 142 ತೆಗೆದುಕೊಳ್ಳುವುದು. 42 ಕಾಯಂ ಇರುತ್ತದೆ, ಮುಂದಿನ 1 ಮಾತ್ರ ಅಯಸ್ಕಾಂತದ ಪಟ್ಟಿ, ಹಚ್ಚುವುದು ಅಥವಾ ಕೀಳುವುದು. ಎರಡೂ ಬಾಗಿಲಿಗೆ ಎಂಬುದನ್ನು ಮರೆಯಬೇಡಿ. ಒಂದು ಬದಿ 42, ಇನ್ನೊಂದು ಬದಿ 142 ಇದ್ದರೆ ಟೈಮಿಂಗ್‌ನವರು ತಮಗೆ ಕಂಡದ್ದನ್ನು ಬರೆದುಕೊಳ್ಳುತ್ತಾರೆ. ಅಲ್ಯೂಮಿನಿಯಂ ಬಾಗಿಲಿಗೆ ಅಯಸ್ಕಾಂತ ಹಿಡಿಯುವುದಿಲ್ಲ, ಅಲ್ಲಿ ಪೇಂಟರ್ ಟೇಪ್. ನೀರು ಹೊಡೆದ ಕೈಯಲ್ಲಿ ಟೇಪ್ ಅಂಟದು, ಅದಕ್ಕೇ ನಂಬರ್ ಮೊದಲು, ನೀರು ಕೊನೆಗೆ.

ಸೀಟಿಗೆ ಎರಡು ಬಣ್ಣದ ಟೇಪ್: ಹಳಿಯ ಮೇಲೆ ಒಬ್ಬೊಬ್ಬರದು ಒಂದೊಂದು ಗುರುತು, ಸ್ಟೇರಿಂಗ್ ಕಾಲಮ್ ಮೇಲೂ ಹಾಗೆಯೇ. ಬೆನ್ನಿನ ಓರೆಯನ್ನು ಇಬ್ಬರಿಗೂ ಒಂದೇ ಇಟ್ಟರೆ ಒಂದು ಕೆಲಸ ಕಡಿಮೆ. ಎತ್ತರದಲ್ಲಿ ಬಹಳ ಅಂತರವಿದ್ದು ಸೀಟು ಕಾಯಂ ಬಕೆಟ್ ಆಗಿದ್ದರೆ, ಅದನ್ನು ಉದ್ದನೆಯವರಿಗೆ ಕೂರಿಸಿ, ಗಿಡ್ಡನೆಯವರಿಗೆ ಗಟ್ಟಿ ಫೋಮಿನ ಬೆನ್ನುದಿಂಬು ಮಾಡಿಸಿ ಪಟ್ಟಿಯಿಂದ ಸೀಟಿಗೆ ಬಿಗಿಯಿರಿ. ಸಡಿಲ ದಿಂಬು ಬೇಡವೇ ಬೇಡ, ಬ್ರೇಕ್ ಒತ್ತಿದಾಗ ಅದು ಜಾರುತ್ತದೆ, ಜತೆಗೆ ನೀವೂ. ಸಾಮಾನ್ಯ ಸೀಟ್ ಬೆಲ್ಟಿನಲ್ಲಿ ಬಿಗಿ ಬೇಕಾದರೆ ಸೀಟನ್ನು ನಿಮ್ಮ ಗುರುತಿಗಿಂತ ಕೊಂಚ ಹಿಂದೆ ಸರಿಸಿ, ಬೆಲ್ಟ್ ಹಾಕಿ, ಭುಜದ ಪಟ್ಟಿಯನ್ನು ಜಗ್ಗಿ ಲಾಕ್ ಮಾಡಿ, ಲಾಕ್ ಬಿಡದಂತೆ ಹಿಡಿದು ಸೀಟನ್ನು ಗುರುತಿಗೆ ತನ್ನಿ. ಹಾರ್ನೆಸ್ (ರೇಸ್ ಕಾರಿನ ಹಲವು ಪಟ್ಟಿಯ ಬೆಲ್ಟ್) ಇದ್ದರೆ ಇಬ್ಬರ ಅಳತೆಗೂ ಪಟ್ಟಿಯ ಮೇಲೆ ಬಣ್ಣದ ದಾರದಲ್ಲಿ ಒಂದೊಂದು ಹೊಲಿಗೆ.

ಎಂಜಿನ್ ಕಡೆ ಹೇಳುವುದು ಕಡಿಮೆ. ನಿಂತಾಗ ಬಾನೆಟ್ ತೆರೆದಿರಲಿ. ಟರ್ಬೋ ಕಾರಿನಲ್ಲಿ ಗಾಳಿ ತಣಿಸುವ ಇಂಟರ್‌ಕೂಲರ್ ಬಿಸಿಯಾಗಿ ಒಳಹೋಗುವ ಗಾಳಿ ಕಾದರೆ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಇಗ್ನಿಷನ್ ಟೈಮಿಂಗ್, ಅಂದರೆ ಕಿಡಿ ಹೊತ್ತುವ ಕ್ಷಣ, ಹಿಂದಕ್ಕೆ ತರುತ್ತದೆ, ಶಕ್ತಿ ಇಳಿಯುತ್ತದೆ. ನಿಯಮ ಒಪ್ಪಿದರೆ ಅದಕ್ಕೂ ಅದೇ ಪಂಪಿನ ನೀರು. ಎಂಜಿನ್ ಆರಿಸಿದ ಮೇಲೂ ಫ್ಯಾನ್ ತಿರುಗುವುದರಿಂದ ಬ್ಯಾಟರಿ ದಣಿಯುತ್ತದೆ, ಜಂಪ್ ಕೇಬಲ್ ಇರಲಿ. ಇಂಧನ ಇಬ್ಬರ ಲೆಕ್ಕಕ್ಕೆ ಹಾಕಿ. ತೂಕ ಉಳಿಸಲು ಕಾಲು ಟ್ಯಾಂಕಿನಲ್ಲಿ ಬರುವವರ ಕಾರು ಕೊನೆಯ ರನ್‌ಗಳ ಉದ್ದ ತಿರುವಿನಲ್ಲಿ ಪೆಟ್ರೋಲ್ ಪಂಪಿಗೆ ಸಿಗದೆ ಕೆಮ್ಮುತ್ತದೆ. ಒಂದು ಲೀಟರ್ ಪೆಟ್ರೋಲ್ ಮುಕ್ಕಾಲು ಕೆಜಿಯಷ್ಟೇ. ಹತ್ತು ಲೀಟರ್ ಹೆಚ್ಚಿಗೆ ಹಾಕಿದರೆ ಏಳೂವರೆ ಕೆಜಿ, ಕೆಮ್ಮಿಗಿಂತ ಅದು ಅಗ್ಗ. ದಿನದ ನಡುವೆ ಒಮ್ಮೆ ಎಂಜಿನ್ ಆಯಿಲ್ ಮಟ್ಟ ಮತ್ತು ಚಕ್ರದ ನಟ್‌ಗಳನ್ನು ಟಾರ್ಕ್ ವ್ರೆಂಚಿನಲ್ಲಿ ನೋಡಿ.

ಸೆಟಪ್ ಬಗ್ಗೆ ಜಗಳ ಬರುವುದೇ. ಒಬ್ಬರಿಗೆ ಬಾಲ ಸಡಿಲ ಬೇಕು, ಇನ್ನೊಬ್ಬರಿಗೆ ಬೇಡ. ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಬಿಗಿ-ಸಡಿಲ ಮಾಡುವ ಕ್ಲಿಕ್‌ಗಳನ್ನು ಪ್ರತಿ ಬದಲಾವಣೆಯಲ್ಲೂ ತಿರುಗಿಸುವ ಜೋಡಿಗಳನ್ನು ನೋಡಿದ್ದೇನೆ. ಮೂರನೇ ರನ್‌ಗೆ ಎಡಬಲ ಕ್ಲಿಕ್ ಬೇರೆಯಾಗಿರುತ್ತದೆ, ಯಾರಿಗೂ ತಿಳಿದಿರುವುದಿಲ್ಲ. ದಿನಕ್ಕೆ ಒಂದೇ ಸೆಟಪ್ ಇರಲಿ, ಹೆಚ್ಚು ತಡವರಿಸುವವರಿಗೆ ಹೊಂದುವಂಥದ್ದು. ವೈಯಕ್ತಿಕ ಹೊಂದಾಣಿಕೆ ಬೇಕೇ ಬೇಕೆಂದರೆ ಹಿಂದಿನ ಟೈರಿನ ಒತ್ತಡದಲ್ಲಿ 1-2 ಪಿಎಸ್‌ಐ, ಅದೂ ಇಳಿಸುವ ದಿಕ್ಕಿನಲ್ಲೇ. ಮತ್ತೆ ಗಾಳಿ ತುಂಬಲು ಸಮಯವಿಲ್ಲ, ಆದ್ದರಿಂದ ಹೆಚ್ಚು ಒತ್ತಡ ಬೇಕಾದವರು ಮೊದಲು.

ಬಾಗಿಲಲ್ಲಿ ಆಡುವ ಮಾತು ಮೂರೇ: ಹಿಡಿತ ಹಿಂದಿಗಿಂತ ಹೇಗಿದೆ, ಯಾವ ತಿರುವಿನಲ್ಲಿ ಯಾವ ಗೇರ್, ಎಲ್ಲಿ ಜಲ್ಲಿ ಬಿದ್ದಿದೆ. ಯಾವ ಕೋನ್ ಹತ್ತಿರ ಎಲ್ಲಿ ತಿರುಗಿಸಬೇಕೆಂಬ ಪಾಠ ಆಗ ತಲೆಗೆ ಹತ್ತುವುದಿಲ್ಲ. ಪಾಠಕ್ಕೆ ಕಾರಿನ ಜಾಗ, ವೇಗ ಬರೆದಿಡುವ ಜಿಪಿಎಸ್ ಲಾಗರ್ ಇದೆ. ಒಂದೇ ಕಾರು, ಒಂದೇ ಟೈರ್, ಒಂದೇ ದಿನ. ಇಬ್ಬರ ವೇಗದ ಗೆರೆಗಳನ್ನು ಒಂದರ ಮೇಲೊಂದಿಟ್ಟರೆ ಉಳಿಯುವುದು ಚಾಲಕರ ವ್ಯತ್ಯಾಸ ಮಾತ್ರ. ಟೈರ್ ಶಾಖ ಹತ್ತಿರ ಹತ್ತಿರ ಇದ್ದ ರನ್‌ಗಳನ್ನೇ ಹೋಲಿಸಿ. ಲಾಗರ್‌ನಲ್ಲಿ ರನ್ನಿಗೆ ಹೆಸರು ಹಾಕದಿದ್ದರೆ ರಾತ್ರಿ ಯಾರದು ಯಾವುದೆಂದು ತಿಳಿಯದು. ಎರಡನೆಯವರು ಕಾರಿನೊಳಗಿನ ಕ್ಯಾಮೆರಾ ಮುಂದೆ ಎರಡು ಬೆರಳು ತೋರಿಸಿ ಹೊರಡುವುದು ಸರಳ ಉಪಾಯ.

ರೀರನ್ ಸಿಕ್ಕರೆ, ಅಂದರೆ ದಾರಿಯಲ್ಲಿ ಬಿದ್ದ ಕೋನ್‌ನಿಂದ ಅಥವಾ ಟೈಮಿಂಗ್ ಕೈಕೊಟ್ಟು ರನ್ ಮತ್ತೆ ಕೊಟ್ಟರೆ, ಸರದಿ ಕಲೆಸಿಹೋಗುತ್ತದೆ. ಗ್ರಿಡ್ ನೋಡಿಕೊಳ್ಳುವವರಿಗೆ ಕೂಡಲೇ ಹೇಳಿ, ಇಬ್ಬರು ಚಾಲಕರ ಕಾರೆಂಬುದನ್ನೂ ನೆನಪಿಸಿ. ಟೈರ್ ಬಿಸಿಯಿದ್ದರೆ ಆದಷ್ಟು ತಡವಾಗಿ ಹೋಗಲು ಅವಕಾಶ ಕೇಳಿ.

ಹಣದ ಮಾತನ್ನು ಕಾಗದದಲ್ಲಿ ಬರೆದುಕೊಳ್ಳಿ. ಒಂದು ಸೆಟ್ ಟೈರಿನ ಬೆಲೆಯನ್ನು ಅದು ಬಾಳುವ ರನ್‌ಗಳಿಂದ ಭಾಗಿಸಿ, ರನ್ನಿಗಿಷ್ಟು ಎಂದು ಇಬ್ಬರೂ ಕೊಡುವುದು ನ್ಯಾಯ. ದಿನಕ್ಕಿಷ್ಟು ಎಂದರೆ ಮೂರು ರನ್ನಿನ ದಿನಕ್ಕೂ ಎಂಟು ರನ್ನಿನ ದಿನಕ್ಕೂ ಒಂದೇ ಆಗುತ್ತದೆ. ಬ್ರೇಕ್ ಪ್ಯಾಡ್, ಆಯಿಲ್ ಕೂಡ ರನ್ ಲೆಕ್ಕದಲ್ಲೇ. ಎಲ್ಲಿಗಾದರೂ ಗುದ್ದಿದರೆ ಸ್ಟೇರಿಂಗ್ ಹಿಡಿದಿದ್ದವರ ಖರ್ಚು. ಕ್ಲಚ್, ಬೇರಿಂಗ್, ಆಕ್ಸಲ್ ಹೋದರೆ ಅರ್ಧರ್ಧ, ಯಾರ ರನ್‌ನಲ್ಲೇ ಹೋಗಲಿ. ಸವೆದದ್ದು ಇಬ್ಬರ ಕೈಯಲ್ಲೂ ತಾನೆ. ಸಮಯ ಹಿಡಿಯುವ ಸ್ಪರ್ಧೆಯಲ್ಲಾದ ಹಾನಿಯನ್ನು ಕಾರಿನ ಸಾಮಾನ್ಯ ವಿಮೆ ಹೆಚ್ಚಾಗಿ ಕೊಡುವುದಿಲ್ಲ, ಆಯೋಜಕರ ವಿಮೆ ನಿಮ್ಮ ಬಂಪರಿಗಾಗಿ ಇರುವುದಲ್ಲ. ಕಾರು ಕೊಡುವವರು ಪಾಲಿಸಿ ಓದಿಯೇ ಕೀಲಿ ಕೊಡಲಿ.

ಸ್ಪರ್ಧೆ ಮುಗಿದ ಮೇಲೆ ಅದೇ ಟೈರಿನಲ್ಲಿ ರಸ್ತೆಗಿಳಿಯುವುದಾದರೆ ಗಾಳಿ ತುಂಬಿಸಿಕೊಳ್ಳಿ. ದಿನವಿಡೀ ಬಿಸಿಯಲ್ಲಿ ಬಿಟ್ಟು ಬಿಟ್ಟು ಗುರಿಗೆ ತಂದ ಒತ್ತಡ, ಟೈರ್ ಪೂರ್ತಿ ಆರಿದಾಗ 4-5 ಪಿಎಸ್‌ಐ ಕೆಳಗಿರುತ್ತದೆ.