ಕೊಡಗಲ್ಲಿ ಕೃಷಿ ಸಲಹೆಗಾರ ಆಗ್ಬೇಕಾ? ಹಿಂಗ್ ಮಾಡಿ
ಪಿಯುಸಿ ಸೈನ್ಸ್ ಮುಗ್ಸಿ ಕೆಸಿಇಟಿ ಬರೀರಿ, ಬಿಎಸ್ಸಿ ಅಗ್ರಿ ಇಲ್ಲಾ ಹಾರ್ಟಿಕಲ್ಚರ್, 4 ವರ್ಷ. ಮನೇಲಿ ಜಮೀನಿದ್ರೆ ಕೃಷಿಕರ ಕೋಟಾ ಬಿಡ್ಬೇಡಿ, ಅದಕ್ಕೆ ಬೇರೆ ಪ್ರಾಕ್ಟಿಕಲ್ ಪರೀಕ್ಷೆ ಇರತ್ತೆ. ಪೌಷ್ಟಿಕ ಆಹಾರ, ಮನೆ ಖರ್ಚು-ವೆಚ್ಚದ ಕಡೆ ಆಸಕ್ತಿ ಇದ್ರೆ ಧಾರವಾಡ ಕೃಷಿ ವಿವಿಯ ಕಮ್ಯುನಿಟಿ ಸೈನ್ಸ್ ನೋಡಿ, ಹಳೇ ಹೋಮ್ ಸೈನ್ಸೇ ಅದು (ಅಡುಗೆ ಕಲಿಯೋಕೂ ಡಿಗ್ರಿನಾ ಅನ್ನೋರನ್ನ ಬಿಟ್ಟಾಕಿ).

ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಂಥ ಕಡೆ ವಿಷಯ ತಜ್ಞರಾಗೋಕೆ ಎಂಎಸ್ಸಿ ಬೇಕು. ಹೋಬಳಿ ರೈತ ಸಂಪರ್ಕ ಕೇಂದ್ರದ ಕೃಷಿ ಅಧಿಕಾರಿ ಪೋಸ್ಟಿಗೆ ಕೆಪಿಎಸ್ಸಿ ಪರೀಕ್ಷೆ ಬರೀಬೇಕು. ಕಾಫಿ ಬೋರ್ಡಿಗೆ ಬೇರೆನೇ ವಿಸ್ತರಣಾ ವಿಭಾಗ (ಬೆಳೆಗಾರರಿಗೆ ಸಲಹೆ ಕೊಡೋ ವಿಭಾಗ) ಇದೆ.

ಆದ್ರೆ ನಿಜವಾದ ಕೆಲಸ ಇರೋದು ತೋಟದಲ್ಲಿ. ಅರೇಬಿಕಾ ಕಾಫಿ ಗಿಡ ಹಳದಿ ಆಗಿದೆ ಅಂತ ಫೋನ್ ಬಂದ್ರೆ ಕೂತಲ್ಲೇ ಗೊಬ್ಬರ ಹೇಳ್ಬೇಡಿ, ಹೋಗಿ ಕಾಂಡದಲ್ಲಿ ಉಬ್ಬು ಗೆರೆ ಇದ್ಯಾ ನೋಡಿ, ಬಿಳಿ ಕಾಂಡಕೊರಕ ಹುಳ ಆಗಿದ್ರೆ ಗಿಡ ಕಿತ್ತು ಸುಡಿಸ್ಬೇಕು, ಅದೂ ಆ ಹುಳ ದುಂಬಿಯಾಗಿ ಹಾರೋ ಏಪ್ರಿಲ್-ಮೇ, ಅಕ್ಟೋಬರ್-ಡಿಸೆಂಬರ್ ಶುರುವಾಗೋಕೆ ಮುಂಚೆನೇ. ನಮ್ಮದು ಹುಳಿ ಮಣ್ಣು ಅಂತ ಗೊತ್ತಿದ್ರೂ ಮಣ್ಣು ಪರೀಕ್ಷೆ ಮಾಡಿಸ್ದೆ ಸುಣ್ಣ ಎಷ್ಟು ಹಾಕ್ಬೇಕು ಅಂತ ಹೇಳ್ಬೇಡಿ.

ಇನ್ನೊಂದು, ಯಜಮಾನ್ರ ಜೊತೆ ಕಾಫಿ ಕುಡ್ದು ಎದ್ದು ಬರ್ಬೇಡಿ. ಕೂಲಿ, ಮೆಣಸಿನ ದುಡ್ಡು, ಮಕ್ಕಳ ಫೀಸು, ಇದರ ಲೆಕ್ಕ ತುಂಬಾ ಮನೆಗಳಲ್ಲಿ ಹೆಂಗಸರ ಹತ್ರನೇ ಇರತ್ತೆ, ಅವ್ರನ್ನೂ ಕೂರಿಸ್ಕೊಂಡು ಮಾತಾಡಿ.